ಮೀಟರ್ 90 ಅನ್ನುತ್ತದೆ, ಗೇಮು ಮಾತ್ರ ಜಗ್ಗುತ್ತದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಪಿಸಿ ಗೇಮಿಂಗ್ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಾಲಿನವು: "ಸರ್, ಗೇಮ್ ಸ್ಮೂತ್ ಇಲ್ಲ, ಏನ್ಮಾಡ್ಲಿ?" ಇಷ್ಟೇ ಬರೆದರೆ ನಾವೂ "ಸೆಟ್ಟಿಂಗ್ಸ್ ಕಡಿಮೆ ಮಾಡಿ" ಅಂತ ಒಂದೇ ಸಾಲು ಬರೆಯಬೇಕಾಗುತ್ತದೆ. ಪ್ರೊಸೆಸರ್ ಯಾವುದು, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದು, ರ‍್ಯಾಮ್ ಎಷ್ಟು, ಅದು ಒಂದು ಪಟ್ಟಿಯೋ (ಸ್ಟಿಕ್) ಎರಡೋ, ಮಾನಿಟರ್ ಎಷ್ಟು ಹರ್ಟ್ಜ್ (ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ), ಗೇಮ್ ಯಾವುದು, ಇಷ್ಟನ್ನಾದರೂ ಬರೆಯಿರಿ. ಬರೆದವರ ಪ್ರಶ್ನೆಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮೂಲೆಯಲ್ಲಿ ಎಫ್‌ಪಿಎಸ್ 90 ಅಂತ ತೋರಿಸುತ್ತಿರುತ್ತದೆ. ಆದರೂ ಕ್ಯಾಮೆರಾ ತಿರುಗಿಸಿದಾಗ ಗೇಮು ಜಗ್ಗಿ ಜಗ್ಗಿ ಬರುತ್ತದೆ. ನನ್ನ ರೂಮ್‌ಮೇಟ್‌ನದು 60 ಮಾತ್ರ, ಆದರೆ ಅವನದು ಬೆಣ್ಣೆ ಹಾಗೆ ಓಡುತ್ತದೆ. ಮೀಟರ್ ಸುಳ್ಳು ಹೇಳುತ್ತಿದೆಯಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಸುಳ್ಳು ಹೇಳುತ್ತಿಲ್ಲ, ಅರ್ಧ ಸತ್ಯ ಹೇಳುತ್ತಿದೆ. ಮೂಲೆಯ ಆ ಅಂಕಿ ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರ, ಅಂದರೆ ಫ್ರೇಮ್, ಬಂದವು ಅನ್ನುವುದರ ಲೆಕ್ಕ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಆಯಿತು ಅನ್ನುವುದು ಅದರಲ್ಲಿ ಇಲ್ಲ. ಕಣ್ಣಿಗೆ ತಾಗುವುದು ಮಾತ್ರ ಆ ನಡುವಿನ ಹೊತ್ತೇ.

ಒಂದು ಸೆಕೆಂಡ್ ಬಿಡಿಸಿ ನೋಡೋಣ. ಸೆಕೆಂಡ್ ಅಂದರೆ 1000 ಮಿಲಿಸೆಕೆಂಡ್. ನಿಮ್ಮ ಕಾರ್ಡ್ 89 ಫ್ರೇಮ್‌ಗಳನ್ನು ತಲಾ 10 ಮಿಲಿಸೆಕೆಂಡಿನಲ್ಲಿ ಬರೆಯಿತು ಅಂದುಕೊಳ್ಳಿ. 890 ಆಯಿತು. ಉಳಿದ ಒಂದೇ ಒಂದು ಫ್ರೇಮಿಗೆ 110 ಮಿಲಿಸೆಕೆಂಡ್ ಹಿಡಿಯಿತು. ಒಟ್ಟು ಸರಿಯಾಗಿ 1000. ಮೀಟರ್ 90 ಅಂತ ತೋರಿಸುತ್ತದೆ, ಅದರ ತಪ್ಪೇನಿಲ್ಲ. ಆದರೆ ಆ ಒಂದು ಫ್ರೇಮಿನ ಹೊತ್ತಿನಲ್ಲಿ ಪರದೆ ಹೆಚ್ಚುಕಮ್ಮಿ ಸೆಕೆಂಡಿನ ಒಂಬತ್ತನೇ ಒಂದು ಭಾಗ ಕಲ್ಲಿನಂತೆ ನಿಂತಿತ್ತು. ಅದೇ ನಿಮಗೆ ಜಗ್ಗಿದಂತೆ ಕಾಣುವುದು. ನಿಮ್ಮ ರೂಮ್‌ಮೇಟ್‌ನದು 60 ಇದ್ದರೂ ಪ್ರತಿ ಫ್ರೇಮೂ 16.7 ಮಿಲಿಸೆಕೆಂಡಿಗೆ ಒಂದರಂತೆ ತಪ್ಪದೆ ಬರುತ್ತಿದೆ. ಗಂಟೆಗೆ ಆರು ಬಸ್ಸು ಅಂತ ಬೋರ್ಡ್ ಹಾಕಿ, ಆರೂ ಒಂದರ ಹಿಂದೆ ಒಂದು ಬಂದು ಹೋಗಿ, ಆಮೇಲೆ ಮುಕ್ಕಾಲು ಗಂಟೆ ಒಂದೂ ಬರದಿದ್ದರೆ ಬೋರ್ಡ್ ಸರಿಯಾಗಿಯೇ ಇದೆ, ನಿಂತವರಿಗೆ ಮಾತ್ರ ಕಾಲು ನೋವು, ಅಲ್ವಾ? ಹಾಗೆ ಇದೂ.

ಈ ಮಾತು ಹೊಸದಲ್ಲ. 2011ರಲ್ಲಿ 'ಟೆಕ್ ರಿಪೋರ್ಟ್' ಅನ್ನುವ ವಿಮರ್ಶೆ ಸೈಟಿನ ಸ್ಕಾಟ್ ವಾಸನ್ ಸರಾಸರಿ ಎಫ್‌ಪಿಎಸ್ ಬಿಟ್ಟು ಒಂದೊಂದು ಫ್ರೇಮಿನ ಹೊತ್ತನ್ನು ಅಳೆದು ಕಾರ್ಡ್‌ಗಳನ್ನು ಹೋಲಿಸಿ ಬರೆದರು. ಅಲ್ಲಿಂದ ಮುಂದೆ ಕಾರ್ಡ್ ವಿಮರ್ಶೆ ಮಾಡುವವರೆಲ್ಲ ನಿಧಾನವಾಗಿ ಆ ದಾರಿಗೆ ಬಂದರು. ಈಗ ವಿಮರ್ಶೆಗಳಲ್ಲಿ ಸರಾಸರಿ ಪಕ್ಕದಲ್ಲೇ '1% ಲೋ' ಅಂತ ಇನ್ನೊಂದು ಅಂಕಿ ಇರುತ್ತದಲ್ಲ, ಅದು ಇದರ ಕೂಸೇ.

ಏನದು 1% ಲೋ? ಒಂದು ನಿಮಿಷ ಆಡಿದಿರಿ, ಸರಾಸರಿ 90. ಅಂದರೆ 5400 ಫ್ರೇಮ್. ಇವುಗಳಲ್ಲಿ ಎಲ್ಲಕ್ಕಿಂತ ನಿಧಾನವಾದ 54 ಫ್ರೇಮ್‌ಗಳನ್ನು ಮಾತ್ರ ತೆಗೆದು, ಆ ವೇಗದಲ್ಲೇ ಇಡೀ ಗೇಮ್ ಓಡಿದ್ದರೆ ಎಫ್‌ಪಿಎಸ್ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕುತ್ತಾರೆ. ಸರಾಸರಿ 90, ಲೋ 70 ಬಂದರೆ ನಿಶ್ಚಿಂತೆಯಾಗಿ ಆಡಿ. ಸರಾಸರಿ 90, ಲೋ 28 ಬಂದರೆ ಅಲ್ಲೇ ಇದೆ ರೋಗ. ಒಂದು ಎಚ್ಚರಿಕೆ: ಕೆಲವು ಸಾಫ್ಟ್‌ವೇರ್ ಆ 54ರ ಸರಾಸರಿ ತೆಗೆಯುತ್ತವೆ, ಕೆಲವು ಆ ಗಡಿಯಲ್ಲಿರುವ ಒಂದು ಫ್ರೇಮನ್ನು ಮಾತ್ರ ತೋರಿಸುತ್ತವೆ. ಹಾಗಾಗಿ ನಿಮ್ಮ ಸಾಫ್ಟ್‌ವೇರಿನ ಲೋ ಹಿಡಿದುಕೊಂಡು ಯೂಟ್ಯೂಬಿನವರ ಲೋ ಜೊತೆ ಜಗಳಕ್ಕೆ ಹೋಗಬೇಡಿ.

ಪ್ರಶ್ನೆ: ಅಳೆಯುವುದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು? ದುಡ್ಡು ಕೊಡದೆ ಸಿಗಬೇಕು.
(ತುಮಕೂರಿನ ಓದುಗರು)

ಎಲ್ಲವೂ ಪುಕ್ಕಟೆಯೇ. ಸುಮ್ನೆ ಒಂದು ಅಂಕಿ ನೋಡಿದರೆ ಸಾಕು ಅನ್ನುವವರಿಗೆ ಸ್ಟೀಮ್‌ನಲ್ಲೇ ಮೀಟರ್ ಇದೆ, ಸೆಟ್ಟಿಂಗ್ಸ್‌ನಲ್ಲಿ 'ಇನ್ ಗೇಮ್' ಭಾಗದಲ್ಲಿ ಹುಡುಕಿ. ಎನ್‌ವಿಡಿಯಾ ಕಾರ್ಡ್ ಇದ್ದು ಅವರ ಆ್ಯಪ್ ಹಾಕಿಕೊಂಡಿದ್ದರೆ ಆಲ್ಟ್ ಮತ್ತು ಆರ್ ಒಟ್ಟಿಗೆ ಒತ್ತಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಜಿ ಒತ್ತಿದರೂ ಒಂದು ಪರ್ಫಾರ್ಮೆನ್ಸ್ ಪೆಟ್ಟಿಗೆ ಬರುತ್ತದೆ.

ಸ್ವಲ್ಪ ಒಳಗೆ ಇಳಿಯಬೇಕಾದರೆ ಎಂಎಸ್‌ಐ ಆಫ್ಟರ್‌ಬರ್ನರ್, ಅದರ ಜೊತೆಗೇ ಬರುವ ರಿವಾಟ್ಯೂನರ್. ಹೆಸರಿನಲ್ಲಿ ಎಂಎಸ್‌ಐ ಇದ್ದರೂ ಯಾವ ಕಂಪನಿಯ ಕಾರ್ಡ್ ಆದರೂ ನಡೆಯುತ್ತದೆ. ಸೆಟ್ಟಿಂಗ್ಸ್ ತೆರೆದು ಮಾನಿಟರಿಂಗ್ ಅನ್ನುವ ಪುಟಕ್ಕೆ ಹೋಗಿ. ಅಲ್ಲಿ ಫ್ರೇಮ್‌ರೇಟ್, ಫ್ರೇಮ್‌ಟೈಮ್, ಜಿಪಿಯು (ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಜಿಪಿಯು ಮೆಮೊರಿ, ಸಿಪಿಯು (ಅಂದರೆ ಪ್ರೊಸೆಸರ್) ಬಳಕೆ, ಎರಡರ ಬಿಸಿ, ಇವಿಷ್ಟಕ್ಕೆ ಟಿಕ್ ಹಾಕಿ, ಪರದೆ ಮೇಲೆ ತೋರಿಸು ಅಂತ ಹೇಳಿ. ಫ್ರೇಮ್‌ಟೈಮನ್ನು ಅಂಕಿಯಾಗಿ ಅಲ್ಲ, ಗ್ರಾಫ್ ಆಗಿ ಇಡಿ. ಗೆರೆ ನೆಟ್ಟಗೆ ಹೋಗುತ್ತಿದ್ದರೆ ಗೇಮು ನೆಟ್ಟಗಿದೆ. ಮಧ್ಯೆ ಮಧ್ಯೆ ಮುಳ್ಳು ಎದ್ದರೆ ಎಲ್ಲಿ, ಏನು ಮಾಡುವಾಗ ಏಳುತ್ತದೆ ನೋಡಿ. ಗುಂಡು ಹೊಡೆದಾಗಲಾ, ಕಾರು ಓಡಿಸುವಾಗಲಾ, ಹೊಸ ಜಾಗಕ್ಕೆ ಕಾಲಿಟ್ಟಾಗಲಾ? ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಆಫ್ಟರ್‌ಬರ್ನರ್ ಹೆಸರಿನಲ್ಲಿ ನಕಲಿ ಸೈಟು ಮಾಡಿ ವೈರಸ್ ಹಂಚುತ್ತಿದ್ದಾರೆ ಅಂತ 2021ರಲ್ಲಿ ಎಂಎಸ್‌ಐ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು.

ರೆಕಾರ್ಡ್ ಮಾಡಿ ಹೋಲಿಸುವ ಹುಚ್ಚು ಇರುವವರಿಗೆ ಕ್ಯಾಪ್‌ಫ್ರೇಮ್‌ಎಕ್ಸ್ ಇದೆ. ಒಂದು ಕೀ ಒತ್ತಿದರೆ ಹೇಳಿದಷ್ಟು ಸೆಕೆಂಡ್ ಪ್ರತಿ ಫ್ರೇಮನ್ನೂ ಬರೆದುಕೊಂಡು ಸರಾಸರಿ, ಲೋ, ಗ್ರಾಫ್ ಎಲ್ಲ ಕೊಡುತ್ತದೆ. ಇದರ ಒಳಗೆ ಕೆಲಸ ಮಾಡುವುದು ಇಂಟೆಲ್‌ನವರ ಪ್ರೆಸೆಂಟ್‌ಮಾನ್. ಹಳೆ ಕಾಲದ ಫ್ರಾಪ್ಸ್ ಬಳಸುತ್ತಿರುವವರು ಇನ್ನೂ ಇಬ್ಬರು ಬರೆದಿದ್ದಾರೆ! 2013ರಿಂದ ಅದಕ್ಕೆ ಹೊಸ ಆವೃತ್ತಿಯೇ ಬಂದಿಲ್ಲ, ಬಿಟ್ಟುಬಿಡಿ.

ಅಳೆಯುವಾಗ ಪ್ರತಿ ಸಲವೂ ಅದೇ ಜಾಗ, ಅದೇ ದಾರಿ, ಅದೇ ನಿಮಿಷ. ಒಂದು ಸಲ ಬಯಲಿನಲ್ಲಿ ಅಳೆದು, ಇನ್ನೊಂದು ಸಲ ಪೇಟೆಯಲ್ಲಿ ಅಳೆದು "ಸೆಟ್ಟಿಂಗ್ ಬದಲಾಯಿಸಿದ ಮೇಲೆ ಕಡಿಮೆ ಆಯ್ತು" ಅನ್ನಬೇಡಿ. ಮೊದಲ ಓಟದ ಅಂಕಿ ಬಿಟ್ಟುಬಿಡಿ. ಫೈಲುಗಳೆಲ್ಲ ಆಗಷ್ಟೇ ಡಿಸ್ಕಿನಿಂದ ಬರುತ್ತಿರುತ್ತವೆ, ಜಗ್ಗುವುದು ಸಹಜ.

ಪ್ರಶ್ನೆ: ಲ್ಯಾಪ್‌ಟಾಪ್, ಆರ್‌ಟಿಎಕ್ಸ್ 3050 ಕಾರ್ಡ್, 4 ಜಿಬಿಯದು. ರ‍್ಯಾಮ್ 8 ಜಿಬಿ. ಸೈಬರ್‌ಪಂಕ್ 2077 ಆಡುತ್ತಿದ್ದೇನೆ. ಎಲ್ಲವನ್ನೂ ಲೋ ಮಾಡಿದರೂ ಪೇಟೆಯ ನಡುವೆ ಕಾರು ಓಡಿಸಿದರೆ ಎಡವುತ್ತದೆ. ಯಾವ ಸೆಟ್ಟಿಂಗ್ ಕಡಿಮೆ ಮಾಡಬೇಕು?
(ಹಾಸನದ ಪದವಿ ವಿದ್ಯಾರ್ಥಿ)

ಈ ಸಲದ ಒಳ್ಳೆಯ ಪ್ರಶ್ನೆ ಇದು. "ಎಲ್ಲವನ್ನೂ ಲೋ ಮಾಡಿದರೂ" ಅಂದಿರಲ್ಲ, ಕಾಯಿಲೆ ಕಾರ್ಡಿನದು ಅಲ್ಲದೆಯೂ ಇರಬಹುದು ಅನ್ನುವುದಕ್ಕೆ ಅದೇ ಸುಳಿವು.

ಮೊದಲು ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ಪತ್ತೆ ಮಾಡಿ. ಪ್ರತಿ ಫ್ರೇಮಿಗೂ ಪ್ರೊಸೆಸರ್ ಯಾರು ಎಲ್ಲಿದ್ದಾರೆ, ಯಾವ ಕಾರು ಎಲ್ಲಿ ತಿರುಗುತ್ತಿದೆ ಅಂತೆಲ್ಲ ಲೆಕ್ಕ ಹಾಕಿ ಕಾರ್ಡಿಗೆ ಕೊಡಬೇಕು, ಕಾರ್ಡ್ ಅದನ್ನು ಬಿಡಿಸಬೇಕು. ಇಬ್ಬರಲ್ಲಿ ನಿಧಾನದವನು ಯಾರೋ ಅವನ ವೇಗವೇ ಗೇಮಿನ ವೇಗ. ಪತ್ತೆ ಮಾಡುವುದು ಸುಲಭ. ಈ ಗೇಮಿನ ಗ್ರಾಫಿಕ್ಸ್ ಮೆನುವಿನಲ್ಲೇ ಬೆಂಚ್‌ಮಾರ್ಕ್ ಇದೆ. ಒಂದು ಸಲ 1080ಪಿಯಲ್ಲಿ (ಚಿತ್ರ ಎಷ್ಟು ಚುಕ್ಕೆಗಳದ್ದು ಅನ್ನುವ ಅಳತೆ ಇದು) ಓಡಿಸಿ, ಬರೆದಿಟ್ಟುಕೊಳ್ಳಿ. ಬೇರೆ ಏನನ್ನೂ ಮುಟ್ಟದೆ 720ಪಿಗೆ ಇಳಿಸಿ ಮತ್ತೆ ಓಡಿಸಿ. 45 ಇದ್ದದ್ದು 70 ಆದರೆ ಕಾರ್ಡ್ ಸುಸ್ತಾಗಿತ್ತು ಅಂತ ಅರ್ಥ, ಸೆಟ್ಟಿಂಗ್ಸ್ ಇಳಿಸಿದರೆ ಫಲ ಸಿಗುತ್ತದೆ. 45 ಇದ್ದದ್ದು 46 ಆದರೆ ಕಾರ್ಡ್ ಖಾಲಿ ಕೂತಿದೆ, ತಡ ಆಗುತ್ತಿರುವುದು ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ.

ಆಫ್ಟರ್‌ಬರ್ನರ್ ಹಾಕಿಕೊಂಡಿದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ. ಜಿಪಿಯು ಬಳಕೆ 97, 98, 99ರಲ್ಲೇ ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60, 70ರಲ್ಲಿ ಓಲಾಡುತ್ತಿದ್ದರೆ ಅದಕ್ಕೆ ಕೆಲಸ ಬರುತ್ತಿಲ್ಲ. ಆದರೆ "ಸಿಪಿಯು ಬಳಕೆ 35 ಮಾತ್ರ ಸರ್, ಅದೂ ಖಾಲಿಯೇ ಇದೆ" ಅಂತ ತುಂಬಾ ಜನ ಮೋಸ ಹೋಗುತ್ತಾರೆ. ಪ್ರೊಸೆಸರಿನಲ್ಲಿ 16 ಥ್ರೆಡ್ (ಒಟ್ಟಿಗೆ ಕೆಲಸ ಸಾಗುವ ಸಾಲುಗಳು) ಇದ್ದು, ಗೇಮಿನ ಮುಖ್ಯ ಕೆಲಸವೆಲ್ಲ ಒಂದೇ ಥ್ರೆಡ್ಡಿನ ತಲೆ ಮೇಲೆ ಬಿದ್ದು ಅದು ನೂರಕ್ಕೆ ನೂರು ದುಡಿಯುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 6 ಚಿಲ್ಲರೆ ಶೇಕಡಾ. ಒಟ್ಟು ಅಂಕಿ ನೋಡಿ ಪ್ರೊಸೆಸರ್ ಆರಾಮಾಗಿದೆ ಅಂದುಕೊಳ್ಳಬೇಡಿ.

ನಿಮ್ಮ ವಿಷಯದಲ್ಲಿ ನಮ್ಮ ಅನುಮಾನ ರ‍್ಯಾಮ್ ಮೇಲೆ. 2023ರಲ್ಲಿ 2.0 ಅಪ್‌ಡೇಟ್ ಬಂದಾಗ ಈ ಗೇಮಿಗೆ ಬೇಕಾದ ಕನಿಷ್ಠ ರ‍್ಯಾಮನ್ನು 12 ಜಿಬಿಗೆ ಏರಿಸಿದರು, ಎಸ್‌ಎಸ್‌ಡಿ ಇರಲೇಬೇಕು ಅಂದರು, ಕಾರ್ಡಿನಲ್ಲಿ 6 ಜಿಬಿ ಇರಲಿ ಅಂದರು. ನಿಮ್ಮದು 8 ಮತ್ತು 4. ಕಾರು ಓಡಿಸುವಾಗ ಪೇಟೆ ಬೇಗ ಬೇಗ ಲೋಡ್ ಆಗಬೇಕು. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕಿಗೆ ತುಂಬಿ ತೆಗೆದು ಮಾಡುತ್ತದೆ, ಆಗ ಎಡವುತ್ತದೆ. ಬ್ರೌಸರ್, ಡಿಸ್ಕಾರ್ಡ್ ಎಲ್ಲ ಮುಚ್ಚಿ ಆಡಿ ನೋಡಿ. ಅಷ್ಟಕ್ಕೇ ಎಡವುವುದು ಕಡಿಮೆ ಆದರೆ ರೋಗ ಸಿಕ್ಕಿತು. ಇನ್ನೊಂದು 8 ಜಿಬಿ ಪಟ್ಟಿ ಹಾಕಿಸಿ. ಆ ಖರ್ಚು ಯಾವ ಸೆಟ್ಟಿಂಗಿಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಸೆಟ್ಟಿಂಗ್ಸ್. ಎಲ್ಲವನ್ನೂ ಒಟ್ಟಿಗೆ ಲೋ ಮಾಡುವುದು ಸೋಮಾರಿ ಕೆಲಸ. ಗೇಮು ಮಸುಕಾಗುತ್ತದೆ, ಯಾವುದರಿಂದ ಎಷ್ಟು ಲಾಭ ಆಯಿತು ಅಂತಲೂ ತಿಳಿಯುವುದಿಲ್ಲ. ಟೆಕ್ಸ್‌ಚರ್ ಅಂದರೆ ವಸ್ತುಗಳ ಮೈಮೇಲಿನ ಚಿತ್ರ, ಅದು ಕಾರ್ಡಿನ ಮೆಮೊರಿಗೆ ಸಂಬಂಧಿಸಿದ್ದು. ಜಾಗ ಇರುವವರೆಗೆ ಹೈ ಇಟ್ಟರೂ ಎಫ್‌ಪಿಎಸ್ ಹೆಚ್ಚೇನೂ ಬೀಳುವುದಿಲ್ಲ, ಜಾಗ ಮುಗಿದ ಮರುಕ್ಷಣ ಪಾತಾಳ. ನಿಮ್ಮದು 4 ಜಿಬಿ, ಆದ್ದರಿಂದ ಅದನ್ನು ಮೀಡಿಯಂಗೆ ತನ್ನಿ, ತಂದ ಮೇಲೆ ಗೇಮನ್ನು ಒಂದು ಸಲ ಮುಚ್ಚಿ ತೆರೆಯಿರಿ. ಪೇಟೆಯ ಜನಸಂದಣಿ ಅಂದರೆ ಕ್ರೌಡ್ ಡೆನ್ಸಿಟಿ, ಇದು ಪ್ರೊಸೆಸರಿನ ಹೊರೆ. ಇಳಿಸಿ. ರೇ ಟ್ರೇಸಿಂಗ್ (ಬೆಳಕು ಹರಿಯುವ ದಾರಿಯನ್ನೇ ಲೆಕ್ಕ ಹಾಕುವುದು) ಪೂರ್ತಿ ಆಫ್. ಅದು ಕಾರ್ಡು, ಪ್ರೊಸೆಸರು ಇಬ್ಬರನ್ನೂ ತಿನ್ನುತ್ತದೆ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ಪ್ರತಿಬಿಂಬ), ವಾಲ್ಯುಮೆಟ್ರಿಕ್ ಫಾಗ್ (ಮಂಜು), ಇವೆರಡು ಈ ಗೇಮಿನ ದೊಡ್ಡ ತಿಂಡಿಪೋತರು. ಅದರಲ್ಲೂ ರಿಫ್ಲೆಕ್ಷನ್‌ಗೆ 'ಸೈಕೋ' ಅಂತ ಒಂದು ಮೆಟ್ಟಿಲು ಇಟ್ಟಿದ್ದಾರೆ, ಹೆಸರಿಗೆ ತಕ್ಕ ಹಾಗೇ ಇದೆ. ಅದೇ ಅನೈಸೋಟ್ರೋಪಿಕ್ ಫಿಲ್ಟರಿಂಗ್ 16ರಲ್ಲೇ ಇರಲಿ ಬಿಡಿ, ಇಂದಿನ ಕಾರ್ಡ್‌ಗಳಿಗೆ ಅದು ಲೆಕ್ಕಕ್ಕೇ ಇಲ್ಲ, ರಸ್ತೆ ಮಾತ್ರ ದೂರದವರೆಗೆ ಚೊಕ್ಕವಾಗಿ ಕಾಣುತ್ತದೆ. ಒಂದು ಬದಲಾಯಿಸಿ, ಒಂದು ಸಲ ಅಳೆಯಿರಿ. ಬೇಸರದ ಕೆಲಸ ನಿಜ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಇನ್ನೊಂದು ಮಾತು, ಲ್ಯಾಪ್‌ಟಾಪ್‌ನವರೆಲ್ಲರಿಗೂ. ಚಾರ್ಜರ್ ಹಾಕಿಯೇ ಆಡಿ. ಬ್ಯಾಟರಿಯಲ್ಲಿ ಕಾರ್ಡಿಗೆ ಬೇಕಾದಷ್ಟು ಕರೆಂಟ್ ಸಿಗುವುದೇ ಇಲ್ಲ. 3050 ಅನ್ನುವ ಒಂದೇ ಹೆಸರಿನಲ್ಲಿ 35 ವಾಟ್‌ನಿಂದ 80 ವಾಟ್‌ವರೆಗಿನ ಕಾರ್ಡ್‌ಗಳು ಲ್ಯಾಪ್‌ಟಾಪ್‌ಗಳಲ್ಲಿ ಬಂದಿವೆ. ಗೆಳೆಯನದೂ 3050, ಅವನದು ಮಾತ್ರ ಹೇಗೆ ಓಡುತ್ತದೆ ಅಂತ ಕೇಳುವವರಿಗೆ ಇದೇ ಉತ್ತರ.

ಪ್ರಶ್ನೆ: ಎಫ್‌ಪಿಎಸ್ ಬೂಸ್ಟರ್ ಆ್ಯಪ್‌ಗಳು ಕೆಲಸ ಮಾಡುತ್ತವೆಯೇ?
(ಮಂಡ್ಯ)

ಇಲ್ಲ. ಹಿನ್ನೆಲೆಯಲ್ಲಿ ಓಡುತ್ತಿರುವ ಒಂದೆರಡು ಪ್ರೋಗ್ರಾಂ ಮುಚ್ಚುತ್ತವೆ, ಅದನ್ನು ನೀವೇ ಮಾಡಬಹುದು. ಉಳಿದದ್ದು ಜಾಹೀರಾತು. ಆ ಬೂಸ್ಟರೇ ಹಿನ್ನೆಲೆಯಲ್ಲಿ ಕೂತು ರ‍್ಯಾಮ್ ತಿನ್ನುವುದು ಬೇರೆ.

ಪ್ರಶ್ನೆ: ಮಗನಿಗೆ 144 ಹರ್ಟ್ಜ್ ಮಾನಿಟರ್ ಬೇಕಂತೆ. ಮನುಷ್ಯರ ಕಣ್ಣಿಗೆ 24 ಫ್ರೇಮ್‌ಗಿಂತ ಜಾಸ್ತಿ ಕಾಣುವುದೇ ಇಲ್ಲ, ಸುಮ್ನೆ ದುಡ್ಡು ದಂಡ ಅಂತ ನಮ್ಮ ಅಣ್ಣ ಹೇಳುತ್ತಾರೆ. ಯಾರ ಮಾತು ಕೇಳಲಿ?
(ಒಬ್ಬ ತಾಯಿ, ಮೈಸೂರು)

ಮೇಡಂ, ನಿಮ್ಮ ಅಣ್ಣನವರ ಮಾತು ತಪ್ಪು, ಆದರೆ ಮಗನಿಗೂ ನಾವು ಪೂರ್ತಿ ಗೆಲುವು ಕೊಡುವುದಿಲ್ಲ.

24 ಅನ್ನುವುದು ಸಿನಿಮಾದ ಲೆಕ್ಕ. 1920ರ ದಶಕದ ಕೊನೆಯಲ್ಲಿ ಸಿನಿಮಾಕ್ಕೆ ಮಾತು ಬಂದಾಗ, ಧ್ವನಿ ಕೆಡದ ಹಾಗೆ, ಫಿಲ್ಮೂ ಜಾಸ್ತಿ ಖರ್ಚಾಗದ ಹಾಗೆ ನಿಗದಿ ಮಾಡಿಕೊಂಡ ವೇಗ ಅದು. ಕಣ್ಣಿನ ಮಿತಿ ಅಲ್ಲ. ಸಿನಿಮಾದಲ್ಲಿ ಓಡುವ ವಸ್ತು ಸ್ವಲ್ಪ ಮಸುಕಾಗಿ ಸೆರೆಯಾಗುವುದರಿಂದ ಚಲನೆ ಸರಾಗ ಅನ್ನಿಸುತ್ತದೆ. ಅದೂ ಅಲ್ಲದೆ ನೋಡುವವರು ಸಿನಿಮಾವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿಲ್ಲ. ಗೇಮಿನಲ್ಲಿ ಮೌಸ್ ಸರಿಸಿದ ಕೂಡಲೇ ಪರದೆ ಸರಿಯಬೇಕು. 60 ಹರ್ಟ್ಜ್‌ನಲ್ಲಿ ಹೊಸ ಚಿತ್ರಕ್ಕೆ 16.7 ಮಿಲಿಸೆಕೆಂಡ್ ಕಾಯಬೇಕು, 144ರಲ್ಲಿ 6.9. ಹತ್ತು ಮಿಲಿಸೆಕೆಂಡ್ ಉಳಿತಾಯ, ಆಡುವವರ ಕೈಗೆ ಗೊತ್ತಾಗುತ್ತದೆ. ಅಲ್ಲಿಂದ 240ಕ್ಕೆ ಹೋದರೆ 4.2, ಉಳಿಯುವುದು ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಹಾಗಾಗಿ 144 ಕೇಳಿದರೆ ಯೋಚನೆ ಮಾಡಿ, 240 ಕೇಳಿದರೆ ಬೇಡ ಅನ್ನಿ.

ಯೋಚನೆ ಏನೆಂದರೆ, ಕಂಪ್ಯೂಟರಿಗೆ ಅಷ್ಟು ಫ್ರೇಮ್ ಕೊಡುವ ತಾಕತ್ತು ಇದೆಯಾ? ಮಗ ಏನು ಆಡುತ್ತಾನೆ ಕೇಳಿ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ತರಹದ ಗುಂಡು ಹಾರಿಸುವ ಗೇಮಾದರೆ, ವ್ಯಾಲರಂಟ್ ಅಂತೂ ಸಾಧಾರಣ ಕಾರ್ಡಿನಲ್ಲೂ 144 ದಾಟುತ್ತದೆ, ಮಾನಿಟರ್ ಸಾರ್ಥಕ. ದೊಡ್ಡ ದೊಡ್ಡ ಕತೆಯ ಗೇಮುಗಳನ್ನು 50 ಎಫ್‌ಪಿಎಸ್‌ನಲ್ಲಿ ಆಡುತ್ತಿದ್ದರೆ ಆ ದುಡ್ಡನ್ನು ಕಾರ್ಡಿಗೆ ಇಡಿ.

ತಂದ ಮೇಲೆ ಎರಡು ಕೆಲಸ ಮರೆಯಬಾರದು. ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೆ ಚುಚ್ಚಬೇಕು. ಕ್ಯಾಬಿನೆಟ್ ಹಿಂದೆ ಮೇಲ್ಗಡೆ ಮದರ್‌ಬೋರ್ಡಿನದೂ ಒಂದು ಪೋರ್ಟ್ ಇರುತ್ತದೆ, ಕೈಗೆ ಮೊದಲು ಸಿಗುವುದು ಅದೇ, ತುಂಬಾ ಜನ ಅಲ್ಲೇ ಚುಚ್ಚಿ ಕಾರ್ಡ್ ಇದ್ದೂ ಇಲ್ಲದಂತೆ ಆಡುತ್ತಾರೆ. ಎರಡನೆಯದು, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ 144 ಅಂತ ಆರಿಸಬೇಕು. ಎಷ್ಟೋ ಮನೆಗಳಲ್ಲಿ 144ರ ಮಾನಿಟರ್ ವರ್ಷಗಟ್ಟಲೆ 60ರಲ್ಲೇ ಓಡುತ್ತಿರುತ್ತದೆ. ಪಟ್ಟಿಯಲ್ಲಿ 144 ಬರದಿದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ.

ಪ್ರಶ್ನೆ: ವಿ-ಸಿಂಕ್ ಆನ್ ಇಡಬೇಕೋ ಆಫ್ ಇಡಬೇಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
(ಉಡುಪಿ)

ಇಬ್ಬರ ಮಾತೂ ಸರಿ. ಮಾನಿಟರ್ ಒಂದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತಿರುವಾಗಲೇ ಕಾರ್ಡ್ ಮುಂದಿನ ಚಿತ್ರ ತಂದು ಸುರಿದರೆ, ಮೇಲರ್ಧ ಹಳೆಯದು, ಕೆಳಗರ್ಧ ಹೊಸದು. ಗೋಡೆ, ಕಂಬ ಎಲ್ಲ ಮಧ್ಯದಲ್ಲಿ ಕತ್ತರಿಸಿದಂತೆ ಕಾಣುತ್ತದೆ. ವಿ-ಸಿಂಕ್ ಆನ್ ಮಾಡಿದರೆ ಮಾನಿಟರ್ ಒಂದು ಸುತ್ತು ಮುಗಿಸುವವರೆಗೆ ಕಾರ್ಡ್ ಕಾಯುತ್ತದೆ. ಕತ್ತರಿಸಿದ್ದು ಹೋಯಿತು, ಆದರೆ ಕಾದಷ್ಟೂ ಮೌಸ್ ಭಾರ ಅನ್ನಿಸುತ್ತದೆ. ಇನ್ನೊಂದು ಸಮಸ್ಯೆ, 60 ಹರ್ಟ್ಜ್ ಮಾನಿಟರಿನಲ್ಲಿ ಒಂದು ಫ್ರೇಮ್ 16.7 ಬದಲು 17 ಮಿಲಿಸೆಕೆಂಡ್ ತಗೊಂಡರೂ ಆ ಸುತ್ತು ತಪ್ಪಿತು, ಮುಂದಿನ ಸುತ್ತಿಗೆ ಹೋಗಬೇಕು. ಕೆಲವು ಗೇಮುಗಳು 60ರಿಂದ ಒಮ್ಮೆಲೇ 30ಕ್ಕೆ ಬೀಳುವುದು ಹೀಗೆ.

ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರ್ ಆದರೆ ಈ ತಲೆನೋವೇ ಇಲ್ಲ. ಅಲ್ಲಿ ಕಾರ್ಡಿಗಾಗಿ ಮಾನಿಟರೇ ಕಾಯುತ್ತದೆ. ಅದನ್ನು ಆನ್ ಮಾಡಿ, ಎಫ್‌ಪಿಎಸ್‌ಗೆ ಮಾನಿಟರಿನ ಹರ್ಟ್ಜ್‌ಗಿಂತ ಮೂರು ಕಡಿಮೆ ಮಿತಿ ಹಾಕಿ, 144 ಇದ್ದರೆ 141. ರಿವಾಟ್ಯೂನರಿನಲ್ಲೇ ಫ್ರೇಮ್‌ರೇಟ್ ಲಿಮಿಟ್ ಅಂತ ಜಾಗ ಇದೆ. ಅಂಥ ಮಾನಿಟರ್ ಇಲ್ಲದಿದ್ದರೆ, ಗುಂಡು ಹಾರಿಸುವ ಆನ್‌ಲೈನ್ ಗೇಮಿಗೆ ಆಫ್, ಒಬ್ಬರೇ ಕೂತು ಆಡುವ ಗೇಮಿಗೆ ಆನ್. ನಮ್ಮ ಅಭಿರುಚಿ ಇದು.

ಪ್ರಶ್ನೆ: ವ್ಯಾಲರಂಟ್‌ನಲ್ಲಿ ಎಫ್‌ಪಿಎಸ್ 150ರ ಮೇಲೇ ಇದೆ. ಆದರೂ ಎದುರಿನವರು ಜಿಗಿದು ಜಿಗಿದು ಬರುತ್ತಾರೆ, ನಾನು ಗೋಡೆ ಹಿಂದೆ ಹೋದ ಮೇಲೂ ಸಾಯುತ್ತೇನೆ. ಎಲ್ಲವನ್ನೂ ಲೋ ಮಾಡಿದೆ, ಪ್ರಯೋಜನ ಇಲ್ಲ.
(ಚಿಕ್ಕಮಗಳೂರು)

ಮತ್ತೆ ಹೈ ಮಾಡಿಕೊಳ್ಳಿ. ಇದು ನೆಟ್ ಸಮಸ್ಯೆ, ಗ್ರಾಫಿಕ್ಸಿಗೆ ಸಂಬಂಧವೇ ಇಲ್ಲ. ಗೇಮಿನಲ್ಲೇ ಪಿಂಗ್ (ಸರ್ವರಿಗೆ ಹೋಗಿ ಬರುವ ಹೊತ್ತು) ಮತ್ತು ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ) ತೋರಿಸುವ ಆಯ್ಕೆ ಇದೆ, ಆನ್ ಮಾಡಿ. ಮುಂಬೈ ಸರ್ವರ್ ಆರಿಸಿದ್ದೀರಾ ನೋಡಿ. ವೈಫೈ ಬಿಟ್ಟು ರೌಟರ್‌ನಿಂದ ನೇರ ಕೇಬಲ್ ಎಳೆಯಿರಿ. ಆಗಲೂ ಪ್ಯಾಕೆಟ್ ಲಾಸ್ ಇದ್ದರೆ ನಿಮ್ಮ ಇಂಟರ್‌ನೆಟ್ ಕೊಡುವವರ ಜೊತೆ ಮಾತಾಡಬೇಕು, ನಮ್ಮ ಜೊತೆ ಅಲ್ಲ.

ಪ್ರಶ್ನೆ: ನನ್ನದು ಜಿಟಿಎಕ್ಸ್ 1650. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಫ್ರೇಮ್ ಜನರೇಷನ್ ಅಂತ ಏನೇನೋ ಬಂದಿವೆ. ನನ್ನ ಕಾರ್ಡಿಗೆ ಯಾವುದು? ಫ್ರೇಮ್ ಜನರೇಷನ್ ಹಾಕಿದರೆ 30 ಇದ್ದದ್ದು 60 ಆಗುತ್ತದಂತೆ, ಹೌದಾ?
(ಬೆಂಗಳೂರು)

ಡಿಎಲ್‌ಎಸ್‌ಎಸ್ ನಿಮಗಿಲ್ಲ, ಅದು ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ ಮಾತ್ರ. ಎಎಂಡಿಯವರು 2021ರಲ್ಲಿ ತಂದ ಎಫ್‌ಎಸ್‌ಆರ್ ಮಾತ್ರ ಯಾವ ಕಂಪನಿಯ ಕಾರ್ಡ್ ಅಂತ ಜಾತಿ ಕೇಳದೆ ಬಂತು, ಅದರ ಮೊದಲ ಮೂರು ಆವೃತ್ತಿಗಳು ನಿಮ್ಮದರಲ್ಲೂ ನಡೆಯುತ್ತವೆ. ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಕೂಡ ನಡೆಯುತ್ತದೆ. ಇವೆಲ್ಲ ಮಾಡುವುದು ಒಂದೇ ಕೆಲಸ: ಚಿತ್ರವನ್ನು ಚಿಕ್ಕದಾಗಿ ಬಿಡಿಸಿ, ಬುದ್ಧಿವಂತಿಕೆಯಿಂದ ದೊಡ್ಡದು ಮಾಡಿ ತೋರಿಸುವುದು. 1080ಪಿಯಲ್ಲಿ ಎಫ್‌ಎಸ್‌ಆರ್ 2ರ 'ಕ್ವಾಲಿಟಿ' ಆರಿಸಿದರೆ ಒಳಗೆ ಬಿಡಿಸುವುದು 720ಪಿ. 'ಪರ್ಫಾರ್ಮೆನ್ಸ್' ಆರಿಸಿದರೆ 540ಪಿ. 4ಕೆ ಪರದೆಯವರು ಪರ್ಫಾರ್ಮೆನ್ಸ್ ಹಾಕಿದರೆ ಅವರಿಗೆ 1080ಪಿ ಸಿಗುತ್ತದೆ, ಚೆನ್ನಾಗಿಯೇ ಕಾಣುತ್ತದೆ. ನಿಮಗೆ ಕೂದಲು, ತಂತಿಬೇಲಿ, ಎಲೆಗಳೆಲ್ಲ ಹುಳ ಹರಿದಾಡಿದಂತೆ ಮಿಣುಗುತ್ತವೆ. ಕ್ವಾಲಿಟಿಯಿಂದ ಕೆಳಗೆ ಇಳಿಯಬೇಡಿ. ಇನ್ನೂ ಸಾಲದಿದ್ದರೆ ನೆರಳು, ಮಂಜು, ರಿಫ್ಲೆಕ್ಷನ್ ಇಳಿಸಿ.

ಫ್ರೇಮ್ ಜನರೇಷನ್ ಬೇರೆಯೇ ವಿಷಯ. ನಿಜವಾದ ಎರಡು ಫ್ರೇಮ್ ನಡುವೆ ಒಂದನ್ನು ಊಹಿಸಿ ತುರುಕುವುದು. ಊಹಿಸಬೇಕಾದರೆ ಮುಂದಿನ ನಿಜ ಫ್ರೇಮ್ ಕೈಗೆ ಬಂದಿರಬೇಕು, ಅಂದರೆ ಅದನ್ನು ಸ್ವಲ್ಪ ತಡೆಹಿಡಿಯಬೇಕು. ಹಾಗಾಗಿ ಮೀಟರ್ 60 ತೋರಿಸಿದರೂ ಕೈಗೆ 30ರ ಭಾರವೇ, ಇನ್ನೂ ಒಂದು ತೂಕ ಜಾಸ್ತಿಯೇ. 70 ಇದ್ದದ್ದನ್ನು 120 ಮಾಡಿಕೊಳ್ಳುವುದಕ್ಕೆ ಇದು ಒಳ್ಳೆಯದು. 30 ಇದ್ದವನಿಗೆ ಇದು ಔಷಧ ಅಲ್ಲ, ಪೌಡರ್ ಹಚ್ಚಿದ ಹಾಗೆ. ಕಾರ್ಡ್ ಮಾರುವವರು ಈ ಅಂಕಿಯನ್ನೇ ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಎಸ್‌ಪಿ ರೋಡಿನಲ್ಲಿ ಅಂಗಡಿಯವರು "ಇನ್ನೂರು ಎಫ್‌ಪಿಎಸ್ ಬರುತ್ತೆ ಸಾರ್" ಅಂದಾಗ ಫ್ರೇಮ್ ಜನರೇಷನ್ ಇಲ್ಲದೆ ಎಷ್ಟು ಅಂತ ಒಂದು ಮಾತು ಕೇಳಿ.

ಪ್ರಶ್ನೆ: ಮೊದಲ ಕಾಲು ಗಂಟೆ ಮಸ್ತ್ ಓಡತದರೀ. ಆಮೇಲೆ 80 ಇದ್ದದ್ದು 45ಕ್ಕೆ ಇಳೀತದ. ಏಪ್ರಿಲ್, ಮೇದಾಗಂತೂ ಕೇಳಬ್ಯಾಡ್ರಿ.
(ಕಲಬುರಗಿ)

ಬಿಸಿ ರೀ, ಮತ್ತೇನಲ್ಲ. ಹೊರಗೆ 42 ಡಿಗ್ರಿ ಇದ್ದಾಗ ಫ್ಯಾನ್ ಎಳೆಯುವ ಗಾಳಿಯೇ ಬಿಸಿ. ಲ್ಯಾಪ್‌ಟಾಪಿನ ಪ್ರೊಸೆಸರ್ 95, 100 ಡಿಗ್ರಿ ಹತ್ತಿರ ಹೋದಾಗ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಫ್ಟರ್‌ಬರ್ನರಿನಲ್ಲಿ ಬಿಸಿಯ ಪಕ್ಕದಲ್ಲೇ ಕ್ಲಾಕ್ ವೇಗವನ್ನೂ (ಚಿಪ್ ಓಡುವ ವೇಗ) ಇಟ್ಟುಕೊಳ್ಳಿ. ಬಿಸಿ ಏರಿ ನಿಂತ ಹೊತ್ತಿಗೇ ಕ್ಲಾಕ್ ಕುಸಿದರೆ ಅನುಮಾನವೇ ಬೇಡ.

ಹಾಸಿಗೆ ಮೇಲೆ ಇಟ್ಟು ಆಡಬೇಡಿ, ಕೆಳಗಿನ ಕಿಂಡಿ ಮುಚ್ಚಿಹೋಗುತ್ತದೆ. ಹಿಂದಿನ ತುದಿಯನ್ನು ಎರಡು ಬೆರಳು ಎತ್ತರಿಸಿ. ಬಿಸಿ ಗಾಳಿ ಹೊರಬರುವ ಕಿಂಡಿಗೆ ಟಾರ್ಚ್ ಬಿಟ್ಟು ನೋಡಿ, ರೆಕ್ಕೆಗಳ ನಡುವೆ ಬೂದು ಬಣ್ಣದ ಧೂಳಿನ ಚಾಪೆ ಕಂಡರೆ ಅದನ್ನು ತೆಗೆಸಬೇಕು. ನೀವೇ ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ಒತ್ತಿ ಹಿಡಿದು ಊದಿ, ಗಿರಗಿರ ತಿರುಗಲು ಬಿಡಬೇಡಿ. ಮೂರು ನಾಲ್ಕು ವರ್ಷದ ಹಳೆಯದಾದರೆ ಚಿಪ್ಪಿನ ಬಿಸಿ ಹೊರದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿ. ವಾರಂಟಿ ಇನ್ನೂ ಇದ್ದರೆ ನೀವು ಬಿಚ್ಚದೆ ಸರ್ವಿಸ್ ಸೆಂಟರಿಗೇ ಕೊಡಿ.

ದುಡ್ಡು ಬೇಡದ ಉಪಾಯ ಎಂದರೆ ಎಫ್‌ಪಿಎಸ್‌ಗೆ 60ರ ಮಿತಿ ಹಾಕುವುದು. 80 ಕೊಡುವ ಕಾರ್ಡಿಗೆ 60 ಮಾತ್ರ ಕೇಳಿದರೆ ಅದು ದುಡಿಯುವುದು ಕಡಿಮೆ, ಬಿಸಿ ಕಡಿಮೆ, ಎರಡು ಗಂಟೆ ಆದರೂ 60ರಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಬೇಸಿಗೆ ಮುಗಿದ ಮೇಲೆ ಮಿತಿ ತೆಗೆಯಿರಿ, ನಿಮ್ಮಿಷ್ಟ.

ಪ್ರಶ್ನೆ: ಕಾರ್ಡಿನ ಡ್ರೈವರ್ ಅಪ್‌ಡೇಟ್ ಮಾಡಿದ ದಿನ ಗೇಮು ತುಂಬಾ ಎಡವಿತು. ಮಾರನೇ ದಿನ ತಾನಾಗಿಯೇ ಸರಿಹೋಯಿತು. ಇದೇನು ಮಾಯ?
(ಶಿವಮೊಗ್ಗ)

ಶೇಡರ್. ಬೆಳಕು, ನೀರು, ಹೊಗೆ ಹೇಗೆ ಕಾಣಬೇಕು ಅಂತ ಹೇಳುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳು ಅವು. ಪ್ಲೇಸ್ಟೇಷನ್ ಎಲ್ಲರದೂ ಒಂದೇ ತರಹ, ಆದ್ದರಿಂದ ಅದಕ್ಕೆ ಸಿದ್ಧ ಮಾಡಿಯೇ ಕಳಿಸುತ್ತಾರೆ. ಪಿಸಿಯಲ್ಲಿ ಒಬ್ಬೊಬ್ಬರ ಕಾರ್ಡ್ ಒಂದೊಂದು, ಹಾಗಾಗಿ ನಿಮ್ಮ ಮನೆಯಲ್ಲೇ, ನಿಮ್ಮ ಕಾರ್ಡಿಗೆ ತಕ್ಕಂತೆ ಸಿದ್ಧವಾಗಬೇಕು. ಒಮ್ಮೆ ಸಿದ್ಧವಾದದ್ದನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. ಡ್ರೈವರ್ ಬದಲಾದರೆ ಹಳೆಯದು ರದ್ದು, ಮತ್ತೆ ಮೊದಲಿನಿಂದ. ಗೇಮ್ ಶುರುವಿನಲ್ಲಿ 'ಕಂಪೈಲಿಂಗ್ ಶೇಡರ್ಸ್' ಅಂತ ಗೆರೆ ಓಡಿದರೆ ಪೂರ್ತಿ ಮುಗಿಯಲು ಬಿಡಿ, ಚಹಾ ಕುಡಿದು ಬನ್ನಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೀಗೆ ಉಳಿಸಿಟ್ಟದ್ದಕ್ಕೆ ಎಷ್ಟು ಜಾಗ ಅಂತ ಹೇಳುವ ಶೇಡರ್ ಕ್ಯಾಶ್ ಸೈಜ್ ಇದೆ, 10 ಜಿಬಿ ಮಾಡಿಕೊಳ್ಳಿ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್. ಡಬ್ಬದ ಮೇಲೆ ಇಂಟೆಲ್ ಐರಿಸ್ ಎಕ್ಸ್‌ಇ ಅಂತ ಇದೆ. ವಿಂಡೋಸ್‌ನಲ್ಲಿ ನೋಡಿದರೆ ಯುಎಚ್‌ಡಿ ಗ್ರಾಫಿಕ್ಸ್ ಅಂತ ಬರುತ್ತದೆ. ಜಿಟಿಎ 5 ಲೋನಲ್ಲೂ ಕಷ್ಟ. ಅಂಗಡಿಯವರು ಮೋಸ ಮಾಡಿದರಾ?
(ಧಾರವಾಡ)

ಇಲ್ಲ, ಇದು ನಮಗೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣುವ ಗೊಂದಲ. ಚಿಪ್ ಒಂದೇ. ಆದರೆ ಎರಡು ರ‍್ಯಾಮ್ ಪಟ್ಟಿ ಸೇರಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತಿದ್ದರೆ ಮಾತ್ರ ಅದಕ್ಕೆ ಐರಿಸ್ ಎಕ್ಸ್‌ಇ ಅಂತ ಹೆಸರು, ಒಂದೇ ಪಟ್ಟಿ ಇದ್ದರೆ ಯುಎಚ್‌ಡಿ ಅಂತಲೇ ತೋರಿಸುತ್ತದೆ. ಇಂಟೆಲ್ ಮಾಡಿದ ನಿಯಮ ಇದು. ಕಾರಣವೂ ಇದೆ. ಇಂಥ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸಿಗೆ ಅಂತ ಬೇರೆ ಮೆಮೊರಿ ಇಲ್ಲ, ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಹಂಚಿಕೊಳ್ಳಬೇಕು. ಪಟ್ಟಿ ಒಂದೇ ಇದ್ದರೆ ದಾರಿ ಅರ್ಧ ಅಗಲ.

ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ 'ಸ್ಲಾಟ್ಸ್ ಯೂಸ್ಡ್' ಎದುರು 2ರಲ್ಲಿ 1 ಅಂತ ಇದ್ದರೆ ಒಂದು ಜಾಗ ಖಾಲಿ ಇದೆ. ಈಗ ಇರುವ ಪಟ್ಟಿಯಷ್ಟೇ ಜಿಬಿ, ಅಷ್ಟೇ ವೇಗದ ಇನ್ನೊಂದನ್ನು ಹಾಕಿಸಿ. ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ, ಕೊಳ್ಳುವ ಮೊದಲು ಅದನ್ನೂ ನೋಡಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಒಂದು ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಂಥದ್ದರಲ್ಲೂ ಖಾಲಿ ಸ್ಲಾಟ್ ಒಂದಿದ್ದರೆ ಇದೇ ಲಾಭ ಸಿಗುತ್ತದೆ.

ಆಮೇಲೆ ಜಿಟಿಎ 5 ತೆರೆದು 720ಪಿ ಇಡಿ, ಎಂಎಸ್‌ಎಎ ಆಫ್, ಗ್ರಾಸ್ ಕ್ವಾಲಿಟಿ ನಾರ್ಮಲ್, ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸೊನ್ನೆ. ಆ ಗೇಮಿನಲ್ಲೂ ಒಳಗೇ ಬೆಂಚ್‌ಮಾರ್ಕ್ ಇದೆ. ರ‍್ಯಾಮ್ ಹಾಕಿಸುವ ಮೊದಲು ಒಂದು ಸಲ, ಹಾಕಿಸಿದ ಮೇಲೆ ಒಂದು ಸಲ ಓಡಿಸಿ, ಎರಡೂ ಅಂಕಿ ನಮಗೆ ಬರೆದು ಕಳಿಸಿ.